ಕೂದಲೆಳೆಯ ಹಿಡಿತ



ಪಂಕ್ಚರ್ ಆಗಿ ರಸ್ತೆಬದಿಯಲ್ಲಿ ನಿಂತ ಕಾರನ್ನು ನೀವೆಲ್ಲ ನೋಡಿರುತ್ತೀರಿ. ಚಾಲಕ ಜಾಕಿ ಕೊಟ್ಟು ಕಾರನ್ನು ಎತ್ತುತ್ತಾನೆ, ನಟ್ಟುಗಳನ್ನು ಬಿಚ್ಚುತ್ತಾನೆ, ಸ್ಟೆಪ್ನಿ ತಂದು ಹಾಕುತ್ತಾನೆ, ಕೊನೆಗೆ ಪಾನಾವನ್ನು ಮೈಭಾರ ಹಾಕಿ ಒಮ್ಮೆ ಜಗ್ಗುತ್ತಾನೆ. ಹದಿನೈದು ನಿಮಿಷದಲ್ಲಿ ಕಾರು ಹೊರಟುಹೋಗುತ್ತದೆ.

ಈಗ ನಿಮಗೊಂದು ಪ್ರಶ್ನೆ. ಆ ಚಕ್ರವನ್ನು ಕಾರಿಗೆ ಹಿಡಿದಿಟ್ಟಿರುವುದು ಯಾವುದು? ನಾಲ್ಕು ಬೋಲ್ಟುಗಳು ಎಂದು ನೀವು ಹೇಳುತ್ತೀರಿ. ಗೋಡೆಯ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದಂತೆ, ಕಾರಿನ ಭಾರವೆಲ್ಲ ಆ ಬೋಲ್ಟುಗಳ ಮೇಲೆ ಕೂತಿದೆ ಎಂಬುದು ನಿಮ್ಮ ಮನಸ್ಸಿನಲ್ಲಿರುವ ಚಿತ್ರ. ಭೌತವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡಿದ ನನ್ನ ಮನಸ್ಸಿನಲ್ಲಿಯೂ ಬಹಳ ವರ್ಷ ಇದೇ ಚಿತ್ರವಿತ್ತು. ಅದು ತಪ್ಪು ಚಿತ್ರ. ಆ ತಪ್ಪಿನಿಂದ ನಾನು ಒಬ್ಬ ಹುಡುಗನಿಗೆ ತಪ್ಪು ಸಲಹೆ ಕೊಟ್ಟೆ. ಇಂದು ನಿಮ್ಮ ಮುಂದೆ ಮಾತನಾಡಲು ಕಾರಣವೇ ಅದು.

ನನ್ನ ಅಕ್ಕನ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಕೆಲಸದಲ್ಲಿದ್ದಾನೆ. 2022ರಲ್ಲಿ ಅವನು ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡ. ಜಪಾನಿನ ಮಾಜ್ದಾ ಎಂಎಕ್ಸ್-5. ಇಬ್ಬರೇ ಕೂರುವ, ಮೇಲ್ಛಾವಣಿ ಮಡಚಿ ಹಿಂದಕ್ಕೆ ಸರಿಸಬಹುದಾದ ಪುಟ್ಟ ಕಾರು ಅದು. 1989ರಲ್ಲಿ ಅಮೆರಿಕದ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅವನು ಕೊಂಡಿದ್ದು ಆ ಮೊದಲ ಪೀಳಿಗೆಯ ಕಾರು. ತೂಕ ಸುಮಾರು 950 ಕಿಲೋ.

ಹಳೆಯ ಕಾರು ಕೊಂಡವರಿಗೆ ಮೊದಲು ಬರುವ ಆಸೆ ಚಕ್ರ ಬದಲಿಸುವುದು. ಅವನಿಗೂ ಬಂತು. ಯಾರದೋ ಬಳಿ ಅಗ್ಗಕ್ಕೆ ನಾಲ್ಕು ಅಲಾಯ್ ಚಕ್ರಗಳು ಸಿಕ್ಕವು. ಇಟಲಿಯ ಫಿಯಟ್ ಕಾರುಗಳ ಅಳತೆಗೆ ಎರಕ ಹೊಯ್ದ, ನೋಡಲು ಬಹಳ ಸುಂದರವಾದ ಚಕ್ರಗಳು. ತಂದು ಹಾಕಿ ನೋಡಿದ. ಕೂತವು. ಆ ರಾತ್ರಿ ನನಗೆ ಫೋನು ಮಾಡಿದ.

“ಮಾವ, ಚಕ್ರದ ಹಿಂಬದಿಯಲ್ಲಿ ನಾಲ್ಕು ಗುಣಿಸು ತೊಂಬತ್ತೆಂಟು ಅಂತ ಕೆತ್ತಿದೆ. ನನ್ನ ಕಾರಿನದು ನಾಲ್ಕು ಗುಣಿಸು ನೂರು. ಎರಡೇ ಮಿಲಿಮೀಟರ್ ವ್ಯತ್ಯಾಸ. ಏನಾದರೂ ತೊಂದರೆ ಆಗುತ್ತಾ?”

ನಾನು ನಕ್ಕೆ. “ಎರಡು ಮಿಲಿಮೀಟರಿಗೆ ಏನಾಗುತ್ತೋ? ಬೋಲ್ಟು ತೂತಿನೊಳಗೆ ಹೋಗಿದೆ ತಾನೆ? ಚೆನ್ನಾಗಿ ಬಿಗಿ ಮಾಡಿಕೊಂಡು ಓಡಿಸು” ಎಂದೆ.

ಒಂದು ವಾರದ ನಂತರ ಅವನು, ಸ್ಟಿಯರಿಂಗ್ ಸ್ವಲ್ಪ ನಡುಗುತ್ತಿದೆ, ನಟ್ಟುಗಳು ಸಡಿಲವಾಗಿದ್ದವು, ಮತ್ತೆ ಬಿಗಿ ಮಾಡಿದೆ ಎಂದ. ಅದು ಎಚ್ಚರಿಕೆಯ ಗಂಟೆ. ನನ್ನ ಕಿವಿಗೆ ಬೀಳಲಿಲ್ಲ. “ಹಾಗೇ ಆಗಾಗ ನೋಡಿಕೊಳ್ಳುತ್ತಿರು” ಎಂದುಬಿಟ್ಟೆ.

ಮುಂದಿನ ಭಾನುವಾರ ಅವನು ಬ್ಲ್ಯಾಕ್ ಫಾರೆಸ್ಟ್ ಎಂಬ ಗುಡ್ಡಗಾಡಿನ ಕಡೆಗೆ ಹೊರಟಿದ್ದ. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ. ಮುಂದಿನ ಎಡ ಚಕ್ರದಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಸ್ಟಿಯರಿಂಗ್ ಕೈಯಲ್ಲಿ ಕುಣಿಯತೊಡಗಿತು. ಪುಣ್ಯಕ್ಕೆ ಅವನು ಗಾಬರಿಯಿಂದ ಬ್ರೇಕ್ ಒತ್ತಲಿಲ್ಲ. ನಿಧಾನ ಮಾಡುತ್ತ ಅಂಚಿಗೆ ತಂದು ನಿಲ್ಲಿಸಿದ. ಇಳಿದು ನೋಡಿದರೆ ನಾಲ್ಕು ನಟ್ಟುಗಳಲ್ಲಿ ಒಂದು ಇರಲೇ ಇಲ್ಲ. ಒಂದು ಬೋಲ್ಟು ಕಡ್ಡಿಯಂತೆ ತುಂಡಾಗಿತ್ತು. ಉಳಿದೆರಡು ನಟ್ಟುಗಳು ಬೆರಳಿನಲ್ಲೇ ತಿರುಗುತ್ತಿದ್ದವು.

ಕೂದಲೆಳೆಯ ಅಂತರದಲ್ಲಿ ಪಾರಾದ ಎಂದು ನಾವು ಮಾತಿಗೆ ಹೇಳುತ್ತೇವೆ. ಈ ಪ್ರಸಂಗದಲ್ಲಿ ಆ ಮಾತು ಅಕ್ಷರಶಃ ನಿಜ. ಹೇಗೆ ಎಂಬುದನ್ನು ಈಗ ನೋಡೋಣ.

ಮೊದಲು ಆ ಅಂಕಿಗಳ ಅರ್ಥ. ಹಬ್ ಎಂದರೆ ಕಾರಿನಲ್ಲಿ ಚಕ್ರ ಕೂರುವ ತಿರುಗುವ ಭಾಗ. ಮಾಜ್ದಾ ಕಾರಿನಲ್ಲಿ ಹಬ್‌ನಿಂದ ನಾಲ್ಕು ಬೋಲ್ಟುಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ಕೇಂದ್ರಗಳನ್ನು ಹಾದು ಹೋಗುವ ಒಂದು ವೃತ್ತವನ್ನು ಊಹಿಸಿಕೊಳ್ಳಿ. ಅದೇ ಬೋಲ್ಟು ವೃತ್ತ. ಗ್ಯಾರೇಜಿನವರು ಅದರ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ. 4×100 ಎಂದರೆ ನಾಲ್ಕು ಬೋಲ್ಟು, 100 ಮಿಲಿಮೀಟರ್ ವ್ಯಾಸ. 4×98 ಎಂದರೆ ನಾಲ್ಕು ಬೋಲ್ಟು, 98 ಮಿಲಿಮೀಟರ್ ವ್ಯಾಸ. ವ್ಯಾಸದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವಿದ್ದರೆ ತ್ರಿಜ್ಯದಲ್ಲಿ ಒಂದು ಮಿಲಿಮೀಟರ್. ಅಂದರೆ ಪ್ರತಿಯೊಂದು ಬೋಲ್ಟೂ ತನ್ನ ತೂತಿನ ಕೇಂದ್ರದಿಂದ ಒಂದು ಮಿಲಿಮೀಟರ್ ಹೊರಕ್ಕೆ ನಿಂತಿರುತ್ತದೆ.

ಹಾಗಾದರೆ ಚಕ್ರ ಕೂತದ್ದು ಹೇಗೆ? ಚಕ್ರದ ತೂತು ಬೋಲ್ಟಿಗಿಂತ ತುಸು ದೊಡ್ಡದಾಗಿಯೇ ಇರುತ್ತದೆ. ಆ ಸಡಿಲದಲ್ಲಿ ಬೋಲ್ಟು ತೂರಿಕೊಂಡಿತು. ನಡುವಿನ ದೊಡ್ಡ ತೂತಿನಲ್ಲಿಯೂ ಅಡ್ಡಿಯಾಗಲಿಲ್ಲ. ಮಾಜ್ದಾದ ಹಬ್‌ನ ನಡುಭಾಗದ ವ್ಯಾಸ 54.1 ಮಿಲಿಮೀಟರ್. ಆ ಚಕ್ರಗಳ ನಡುತೂತು 58.1 ಮಿಲಿಮೀಟರ್. ಸುತ್ತಲೂ ಎರಡು ಮಿಲಿಮೀಟರ್ ಖಾಲಿ ಜಾಗ. ಹೀಗಾಗಿ ಎಲ್ಲಿಯೂ ತಡೆಯಿಲ್ಲದೆ ಚಕ್ರ ಒಳಕ್ಕೆ ಜಾರಿತು. ಜಾರಿದ್ದನ್ನು ನಾವು ‘ಕೂತಿತು’ ಎಂದುಕೊಂಡೆವು.

ಈಗ ಮೊದಲ ಪ್ರಶ್ನೆಗೆ ಬರೋಣ. ಚಕ್ರವನ್ನು ಹಿಡಿದಿಟ್ಟಿರುವುದು ಯಾವುದು?

ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಐದಾರು ಪುಸ್ತಕಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಎರಡು ಕೊನೆಗಳಿಂದ ಅಂಗೈಗಳಲ್ಲಿ ಗಟ್ಟಿಯಾಗಿ ಒತ್ತಿ ಮೇಲಕ್ಕೆತ್ತಿ. ನಡುವಿನ ಪುಸ್ತಕಗಳಿಗೆ ಕೆಳಗೆ ಯಾವ ಆಸರೆಯೂ ಇಲ್ಲ. ಆದರೂ ಬೀಳುವುದಿಲ್ಲ. ಅವುಗಳನ್ನು ಹಿಡಿದಿರುವುದು ಘರ್ಷಣೆ. ಕೈಯ ಒತ್ತಡ ತುಸು ಕಡಿಮೆ ಮಾಡಿ, ನಡುವಿನ ಪುಸ್ತಕ ಜಾರುತ್ತದೆ.

ಕಾರಿನ ಚಕ್ರವೂ ಹೀಗೆಯೇ. ನಟ್ಟು ಚಕ್ರವನ್ನು ಹಬ್‌ಗೆ ಒತ್ತುತ್ತದೆ. ಆ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಚಕ್ರವನ್ನು ಹಿಡಿದಿಡುತ್ತದೆ. ಒತ್ತುವುದು ಬೋಲ್ಟಿನ ಕೆಲಸ, ಭಾರ ಹೊರುವುದು ಘರ್ಷಣೆಯ ಕೆಲಸ.

ಒಂದು ಅಂದಾಜು ಲೆಕ್ಕ ಮಾಡೋಣ. ಈ ಕಾರಿನ ಬೋಲ್ಟಿನ ವ್ಯಾಸ 12 ಮಿಲಿಮೀಟರ್. ಅದನ್ನು ಸುಮಾರು 100 ನ್ಯೂಟನ್-ಮೀಟರ್ ತಿರುಚುಬಲದಿಂದ ಬಿಗಿ ಮಾಡುತ್ತಾರೆ. ಅರ್ಧ ಮೀಟರ್ ಉದ್ದದ ಪಾನಾದ ತುದಿಯಲ್ಲಿ ಇಪ್ಪತ್ತು ಕಿಲೋ ಭಾರ ಹಾಕಿದಷ್ಟು. ಇದರಲ್ಲಿ ಬಹುಪಾಲು ನಟ್ಟಿನ ತಳದಲ್ಲಿ, ಮರೆಗಳಲ್ಲಿ ಉಜ್ಜಾಟಕ್ಕೇ ಖರ್ಚಾಗುತ್ತದೆ. ಉಳಿದದ್ದು ಹತ್ತರಲ್ಲೊಂದು ಪಾಲು. ಅಷ್ಟರಿಂದಲೇ ಬೋಲ್ಟಿನಲ್ಲಿ ಸುಮಾರು 40,000 ನ್ಯೂಟನ್ ಸೆಳೆತ ಉಂಟಾಗುತ್ತದೆ. ನಾಲ್ಕು ಟನ್ ಭಾರದಷ್ಟು! ನಾಲ್ಕು ಬೋಲ್ಟು ಸೇರಿದರೆ ಹದಿನಾರು ಟನ್. ಘರ್ಷಣಾಂಕ 0.15 ಎಂದು ಹಿಡಿದರೂ ಎರಡು ಟನ್ನಿಗಿಂತ ಹೆಚ್ಚಿನ ಹಿಡಿತ ಸಿಗುತ್ತದೆ. ಆ ಚಕ್ರದ ಪಾಲಿಗೆ ಬರುವ ಕಾರಿನ ಭಾರ ಕಾಲು ಟನ್ ಮಾತ್ರ. ತಿರುವಿನಲ್ಲಿ, ಬ್ರೇಕಿನಲ್ಲಿ, ಗುಂಡಿಯಲ್ಲಿ ಬೀಳುವ ಹೆಚ್ಚಿನ ಹೊಡೆತಗಳಿಗೂ ಸಾಕಷ್ಟು ಹಿಡಿತ ಉಳಿದಿದೆ.

ಇಷ್ಟು ಹಿಡಿತವಿದ್ದ ಮೇಲೆ ಚಕ್ರ ಕಳಚುವ ಮಟ್ಟಕ್ಕೆ ಬಂದದ್ದೇಕೆ? ಇಲ್ಲಿಯೇ ಆ ಕೂದಲೆಳೆ ಬರುತ್ತದೆ.

ಉಕ್ಕು ಸ್ಪ್ರಿಂಗಿನ ಗುಣವಿರುವ ಲೋಹ. ನಟ್ಟು ಬಿಗಿಯಾದಾಗ ಬೋಲ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ನಾಲ್ಕು ಟನ್ನಿನ ಒತ್ತಡ. ಎಷ್ಟು ಹಿಗ್ಗುತ್ತದೆ ಗೊತ್ತೆ? ಮೂರು ಸೆಂಟಿಮೀಟರ್ ಉದ್ದದ ಬೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 0.07 ಮಿಲಿಮೀಟರ್. ಒಂದು ತಲೆಗೂದಲಿನ ದಪ್ಪ. ಆ ಹದಿನಾರು ಟನ್ನಿನ ಹಿಡಿತವೆಲ್ಲ ನಿಂತಿರುವುದು ಒಂದು ಕೂದಲಿನಷ್ಟು ಹಿಗ್ಗಿನ ಮೇಲೆ. ನಟ್ಟು ಕೂತ ಜಾಗ ಅಷ್ಟೇ ಅಷ್ಟು ತಗ್ಗಿದರೆ ಸಾಕು, ಬೋಲ್ಟು ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಹಿಡಿತ ಸೊನ್ನೆಯಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ನಟ್ಟು ಅಲ್ಲಿಯೇ ಇರುತ್ತದೆ.

ಈ ಕಾರಣಕ್ಕಾಗಿಯೇ ನಟ್ಟಿನ ತಳವನ್ನು ಬುಗುರಿಯಂತೆ ಶಂಕುವಿನ ಆಕಾರದಲ್ಲಿ ಮಾಡಿರುತ್ತಾರೆ. ಚಕ್ರದ ತೂತಿನ ಬಾಯಿಯನ್ನು ಲಾಳಿಕೆಯಂತೆ ಮಾಡಿರುತ್ತಾರೆ. ಎರಡೂ ಸರಿಯಾಗಿ ಒಂದರೊಳಗೊಂದು ಇಳಿದರೆ ಸುತ್ತಲೂ ತಾಗಿ ಭಾರ ಹಂಚಿಹೋಗುತ್ತದೆ. ನಮ್ಮ ಹುಡುಗನ ಕಾರಿನಲ್ಲಿ ನಟ್ಟು ಒಂದು ಮಿಲಿಮೀಟರ್ ಆಚೆ ಇತ್ತು. ಅದು ಲಾಳಿಕೆಯ ಒಂದು ಅಂಚಿಗೆ ಮಾತ್ರ ತಾಗಿತ್ತು. ನಾಲ್ಕು ಟನ್ನಿನ ಒತ್ತಡ ಆ ಅಂಚಿನ ಮೇಲೆ ಬಿತ್ತು. ಅಲ್ಯೂಮಿನಿಯಂ ಮಿಶ್ರಲೋಹ ಉಕ್ಕಿಗಿಂತ ಮೆದು. ಕೆಲವು ಕಿಲೋಮೀಟರ್ ಓಡುವುದರೊಳಗೆ ಅಂಚು ನಜ್ಜುಗುಜ್ಜಾಗಿ ತಗ್ಗಿತು. ಮೊದಲ ವಾರ ನಟ್ಟು ಸಡಿಲವಾದದ್ದು ಇದರಿಂದಲೇ. ಮತ್ತೆ ಬಿಗಿ ಮಾಡಿದ, ಅಂಚು ಮತ್ತೆ ತಗ್ಗಿತು.

ಹಿಡಿತ ಹೋದ ಮೇಲೆ ಬೋಲ್ಟು ತನ್ನದಲ್ಲದ ಕೆಲಸ ಮಾಡಬೇಕಾಯಿತು. ಈಗ ಅದು ನಿಜವಾಗಿಯೂ ಕ್ಯಾಲೆಂಡರಿನ ಮೊಳೆಯಾಯಿತು. ಚಕ್ರ ಒಂದು ಸುತ್ತು ತಿರುಗಿದಾಗ ಬೋಲ್ಟು ಒಮ್ಮೆ ಒಂದು ಕಡೆಗೆ, ಒಮ್ಮೆ ಇನ್ನೊಂದು ಕಡೆಗೆ ಬಾಗುತ್ತದೆ. ತಂತಿಯನ್ನು ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ ನೀವು ಮುರಿಯುವುದಿಲ್ಲವೆ? ಹಾಗೆ. ಆ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ತಿರುಗುತ್ತದೆ. ಅವನು ಓಡಿಸಿದ್ದು ಒಟ್ಟು ಇನ್ನೂರು ಕಿಲೋಮೀಟರ್. ಒಂದು ಲಕ್ಷ ಹತ್ತು ಸಾವಿರ ಸುತ್ತುಗಳು.

ಇದನ್ನು ಲೋಹದ ದಣಿವು ಎನ್ನುತ್ತಾರೆ. 1842ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಸತ್ತರು. ಗಟ್ಟಿ ಕಬ್ಬಿಣದ ಅಚ್ಚು ಹೆಚ್ಚಿನ ಭಾರವಿಲ್ಲದೆಯೇ ಏಕೆ ಮುರಿಯುತ್ತದೆ ಎಂಬುದು ಆ ಕಾಲದ ಒಗಟಾಗಿತ್ತು. ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಸಾವಿರಾರು, ಲಕ್ಷಾಂತರ ಬಾರಿ ಬಗ್ಗಿಸಿ ಪರೀಕ್ಷಿಸಿದರು. ಒಂದೇ ಸಲ ಹೊರಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯುತ್ತದೆ ಎಂದು ತೋರಿಸಿಕೊಟ್ಟರು. ಆ ದೇಶದ ಹೆದ್ದಾರಿಯಲ್ಲೇ ನಮ್ಮ ಹುಡುಗನ ಬೋಲ್ಟು ಅದೇ ಪಾಠವನ್ನು ಒಪ್ಪಿಸಿತು.

ಇನ್ನು ಆ ನಡುಕ. ನಡುತೂತು ಸಡಿಲವಾಗಿದ್ದುದರಿಂದ ಚಕ್ರ ಸರಿಯಾಗಿ ಕೇಂದ್ರಕ್ಕೆ ಕೂತಿರಲಿಲ್ಲ. ಹದಿನಾಲ್ಕು ಕಿಲೋ ತೂಕದ ಚಕ್ರ ಅರ್ಧ ಮಿಲಿಮೀಟರ್ ಸರಿದು ಕೂತರೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಆರು ಕಿಲೋ ಮೀರಿದ ಬಲ ಸೆಕೆಂಡಿಗೆ ಹದಿನೈದು ಸಲ ಬಡಿಯುತ್ತದೆ. ಅದೇ ಸ್ಟಿಯರಿಂಗಿನಲ್ಲಿ ಅವನ ಕೈಗೆ ತಿಳಿಯುತ್ತಿದ್ದುದು. ಕಾರು ಮೊದಲ ವಾರವೇ ಹೇಳಿತ್ತು. ಕೇಳಿಸಿಕೊಳ್ಳದವನು ನಾನು.

ನೀವು ಕೇಳಬಹುದು: ಎಲ್ಲ ಕಾರುಗಳಿಗೂ ಒಂದೇ ಅಳತೆ ಇಟ್ಟುಬಿಟ್ಟರೆ ಆಗದೆ? ಕಾರಿನ ತೂಕ, ಬ್ರೇಕಿನ ಗಾತ್ರ, ಕಂಪೆನಿಯ ಹಳೆಯ ರೂಢಿ, ಇಂಚು ಮತ್ತು ಮಿಲಿಮೀಟರ್ ಎಂಬ ಎರಡು ಅಳತೆಗಳು, ಇವೆಲ್ಲ ಸೇರಿ ಹತ್ತಾರು ಬಗೆಗಳಾಗಿವೆ. 114.3 ಎಂಬ ವಿಚಿತ್ರ ಸಂಖ್ಯೆಯನ್ನು ನೀವು ಅನೇಕ ಕಾರುಗಳಲ್ಲಿ ಕಾಣುತ್ತೀರಿ. ಅದು ನಾಲ್ಕೂವರೆ ಇಂಚು. ಎಂಎಕ್ಸ್-5 ಕಾರನ್ನೇ ನೋಡಿ. ಮೊದಲೆರಡು ಪೀಳಿಗೆಗಳಲ್ಲಿ 4×100. 2005ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ 5×114.3. 2015ರಲ್ಲಿ ಬಂದ, ಮತ್ತೆ ಹಗುರಾದ ನಾಲ್ಕನೆಯ ಪೀಳಿಗೆಯಲ್ಲಿ ಪುನಃ 4×100. ಹೆಸರು ಒಂದೇ ಆದರೂ ಚಕ್ರ ಒಂದೇ ಅಲ್ಲ.

ನಾಲ್ಕು ಬೋಲ್ಟಿನ ಹಬ್‌ಗೆ ಐದು ತೂತಿನ ಚಕ್ರ ಹಾಕಲು ಯಾರೂ ಹೋಗುವುದಿಲ್ಲ, ಏಕೆಂದರೆ ಅದು ಒಳಗೇ ಹೋಗುವುದಿಲ್ಲ. ದೊಡ್ಡ ವ್ಯತ್ಯಾಸ ನಮ್ಮನ್ನು ತಾನೇ ತಡೆಯುತ್ತದೆ. ಅಪಾಯ ಇರುವುದು ಸಣ್ಣ ವ್ಯತ್ಯಾಸದಲ್ಲಿ. ಅಮೆರಿಕದ ಪ್ರಸಿದ್ಧ ಸ್ಪೋರ್ಟ್ಸ್ ಕಾರು ಕಾರ್ವೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬೋಲ್ಟು ವೃತ್ತ ದಶಕಗಳ ಕಾಲ ನಾಲ್ಕೂ ಮುಕ್ಕಾಲು ಇಂಚು ಇತ್ತು, ಅಂದರೆ 120.65 ಮಿಲಿಮೀಟರ್. 2020ರ ಮಾದರಿಯಾಗಿ ಬಂದ ಎಂಟನೆಯ ಪೀಳಿಗೆಯಲ್ಲಿ ಅದು 120 ಮಿಲಿಮೀಟರ್ ಆಯಿತು. ವ್ಯತ್ಯಾಸ 0.65 ಮಿಲಿಮೀಟರ್. ಸ್ಕೇಲಿನಲ್ಲಿ ಅಳೆದರೆ ಗೊತ್ತಾಗುವುದಿಲ್ಲ. ಐದು ತೂತಿನ ಚಕ್ರದಲ್ಲಿ ಪಕ್ಕಪಕ್ಕದ ಎರಡು ತೂತುಗಳ ಕೇಂದ್ರಗಳ ಅಂತರವನ್ನು ಅಳೆದು 1.7013ರಿಂದ ಗುಣಿಸಿದರೆ ಬೋಲ್ಟು ವೃತ್ತದ ವ್ಯಾಸ ಸಿಗುತ್ತದೆ. ತ್ರಿಕೋನಮಿತಿ ಓದುತ್ತಿರುವವರು ಈ ಸಂಖ್ಯೆ ಎಲ್ಲಿಂದ ಬಂತು ಎಂದು ಯೋಚಿಸಿ, 36 ಡಿಗ್ರಿಯ ಸೈನ್ ಬೆಲೆಯನ್ನು ನೋಡಿ. ಈ ಎರಡು ಕಾರುಗಳಲ್ಲಿ ಆ ಅಂತರ 70.9 ಮತ್ತು 70.5 ಮಿಲಿಮೀಟರ್. ವರ್ನಿಯರ್ ಕ್ಯಾಲಿಪರ್ಸ್ ಬೇಕು. ಪ್ರಯೋಗಾಲಯದಲ್ಲಿ ಬೇಸರದಿಂದ ಬಳಸುವ ಆ ಉಪಕರಣ ಯಾವ ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ.

ಬೇರೆ ಅಳತೆಯ ಚಕ್ರ ಹಾಕಲೇಬಾರದೆ? ದಾರಿಗಳಿವೆ. ಒಂದು, ಹಬ್ ಮತ್ತು ಚಕ್ರದ ನಡುವೆ ಅಡಾಪ್ಟರ್ ಎಂಬ ದಪ್ಪ ಲೋಹದ ಬಿಲ್ಲೆ ಹಾಕುವುದು. ಅದು ಒಂದು ವೃತ್ತದಲ್ಲಿ ಹಬ್‌ಗೆ ಕೂರುತ್ತದೆ, ಇನ್ನೊಂದು ವೃತ್ತದಲ್ಲಿ ತನ್ನದೇ ಬೋಲ್ಟುಗಳಿಂದ ಚಕ್ರವನ್ನು ಹಿಡಿಯುತ್ತದೆ. ಅದಕ್ಕೆ ಬೆಲೆಯೂ ಇದೆ. ಬಿಲ್ಲೆ 25 ಮಿಲಿಮೀಟರ್ ದಪ್ಪವಿದ್ದರೆ ಚಕ್ರ ಅಷ್ಟೇ ಹೊರಕ್ಕೆ ಬರುತ್ತದೆ. ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಸ್ಟಿಯರಿಂಗಿನ ಸ್ವಭಾವ ಬದಲಾಗುತ್ತದೆ, ಟಯರು ಮಡ್‌ಗಾರ್ಡಿಗೆ ಉಜ್ಜಬಹುದು. ಬಿಗಿಯಾಗಿರಬೇಕಾದ ಜೋಡಣೆ ಒಂದಿದ್ದದ್ದು ಎರಡಾಗುತ್ತದೆ. ಎರಡು, ಶಂಕುವಿನ ಭಾಗ ಪ್ರತ್ಯೇಕವಾಗಿ ಸರಿದಾಡುವ ವಿಶೇಷ ಬೋಲ್ಟುಗಳು. ಎರಡು ಮಿಲಿಮೀಟರಿನಷ್ಟು ಸಣ್ಣ ವ್ಯತ್ಯಾಸಕ್ಕೆಂದೇ ಅವನ್ನು ಮಾಡುತ್ತಾರೆ. ಮೂರು, ಹಬ್ ಅನ್ನೇ ಬದಲಿಸುವುದು. ಯಾವ ದಾರಿ ಹಿಡಿದರೂ ನಡುತೂತು ಹಬ್‌ಗೆ ಸರಿಯಾಗಿ ಕೂರಬೇಕು, ಶಂಕು ಪೂರ್ತಿ ತಾಗಬೇಕು. ಅದನ್ನು ಬಲ್ಲವರು ಪರೀಕ್ಷಿಸಬೇಕು. ಜರ್ಮನಿಯಲ್ಲಿ ಅನುಮೋದನೆಯಿಲ್ಲದ ಚಕ್ರ ಹಾಕಿದರೆ ಅಧಿಕೃತ ತಜ್ಞರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ನಮ್ಮ ಹುಡುಗ ಅದನ್ನು ಮಾಡಿರಲಿಲ್ಲ. ನಮ್ಮ ದೇಶದಲ್ಲಿಯೂ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ.

ನಾನು ದೂರದರ್ಶನ ಕಾರ್ಯಕ್ರಮಗಳನ್ನು ತಯಾರಿಸುವವನು. ಕ್ಯಾಮರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಏರಿಸಿದ ಮೇಲೆ ‘ಟಿಕ್’ ಎಂಬ ಸದ್ದು ಕೇಳಿ, ಒಮ್ಮೆ ಅಲುಗಾಡಿಸಿ ನೋಡದೆ ಕೈ ಬಿಡಬಾರದು ಎಂದು ಹೊಸದಾಗಿ ಬಂದ ಹುಡುಗರಿಗೆ ಮೊದಲ ದಿನವೇ ಕಲಿಸುತ್ತೇನೆ. ಕೂತಂತೆ ಕಾಣುವುದು ಬೇರೆ, ಕೂರುವುದು ಬೇರೆ ಎಂದು ನನಗೆ ಗೊತ್ತಿತ್ತು. ಒಂದು ಕ್ಯಾಮರಾಕ್ಕೆ ತೋರಿಸುವ ಎಚ್ಚರವನ್ನು ಅಕ್ಕನ ಮಗನ ಪ್ರಾಣಕ್ಕೆ ನಾನು ತೋರಿಸಲಿಲ್ಲ. ಕಾರಣ, ಅವನ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಎಂದು ಹೇಳಲು ಸಂಕೋಚ. ಮಾವ ವಿಜ್ಞಾನ ಓದಿದವರು ಎಂಬ ನಂಬಿಕೆಯಿಂದ ಅವನು ಕೇಳಿದ್ದ. ಆ ಚಕ್ರ ಕಳಚಿ ಪಕ್ಕದ ಸಾಲಿನ ಯಾವುದೋ ಕಾರಿನ ಗಾಜಿಗೆ ಬಡಿದಿದ್ದರೆ ಎಂದು ಇಂದಿಗೂ ನೆನೆದುಕೊಳ್ಳುತ್ತೇನೆ.

ಅವನು ಆ ಚಕ್ರಗಳನ್ನು ಗುಜರಿಗೆ ಹಾಕಿದ, ಮಾರಲಿಲ್ಲ. ನಾಲ್ಕೂ ಹಬ್‌ಗಳ ಬೋಲ್ಟುಗಳನ್ನು ಬದಲಿಸಿದ, ಏಕೆಂದರೆ ಉಳಿದ ಬೋಲ್ಟುಗಳೊಳಗೆ ಬಿರುಕು ಹುಟ್ಟಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಕಾರಿನ ಮೂಲ ಚಕ್ರಗಳನ್ನೇ ಮತ್ತೆ ಹಾಕಿಕೊಂಡು ಈಗ ಆರಾಮವಾಗಿ ಓಡಾಡುತ್ತಿದ್ದಾನೆ.

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇರಲಾರದು. ಆದರೆ ಅಪ್ಪನ ಕಾರೋ ಚಿಕ್ಕಪ್ಪನ ಟ್ಯಾಕ್ಸಿಯೋ ಇರಬಹುದು. ಮುಂದಿನ ಬಾರಿ ಚಕ್ರ ಬದಲಿಸುವಾಗ ಹತ್ತಿರ ನಿಂತು ನೋಡಿ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಚಕ್ರ ನೆಟ್ಟಗೆ ಕೂತಿದೆಯೇ ಎಂದು ನೋಡಲಿ. ಬಿಗಿ ಮಾಡುವಾಗ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿ ಮಾಡಲಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ಪರೀಕ್ಷಿಸಲಿ. ನಟ್ಟು ಎರಡನೆಯ ಬಾರಿಯೂ ಸಡಿಲವಾಗಿದ್ದರೆ ಬಿಗಿ ಮಾಡಿ ಸುಮ್ಮನಾಗಬೇಡಿ, ಕಾರಣ ಹುಡುಕಿ. ಯಾರಾದರೂ ನಿಮ್ಮನ್ನು ಏನಾದರೂ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ, “ಗೊತ್ತಿಲ್ಲ, ಅಳೆದು ನೋಡೋಣ” ಎನ್ನಲು ನಾಚಿಕೊಳ್ಳಬೇಡಿ.